ನೆನಪಿಲ್ಲದ ಮೂರು ವರ್ಷ



ನಿಮ್ಮ ಬದುಕಿನ ಮೊಟ್ಟಮೊದಲ ನೆನಪು ಯಾವುದು? ಒಂದು ನಿಮಿಷ ಯೋಚಿಸಿ ನೋಡಿ. ಯಾರದೋ ಹೆಗಲ ಮೇಲೆ ಕೂತು ತೇರು ನೋಡಿದ್ದಿರಬಹುದು. ಕೊಟ್ಟಿಗೆಯಲ್ಲಿ ಆಗಷ್ಟೇ ಹುಟ್ಟಿದ ಕರುವನ್ನು ಮುಟ್ಟಿದ್ದಿರಬಹುದು. ಮಳೆಗಾಲದ ರಾತ್ರಿ ಮನೆ ಸೋರುವ ಕಡೆಯಲ್ಲೆಲ್ಲ ಅಮ್ಮ ಪಾತ್ರೆ ಇಟ್ಟುಕೊಂಡು ಓಡಾಡಿದ್ದಿರಬಹುದು. ಎಷ್ಟು ತಡಕಾಡಿದರೂ ನಮ್ಮಲ್ಲಿ ಬಹುಪಾಲು ಜನರ ನೆನಪು ಮೂರು, ಮೂರೂವರೆ ವರ್ಷದ ವಯಸ್ಸಿನ ಹತ್ತಿರ ನಿಂತುಬಿಡುತ್ತದೆ. ಅದರಾಚೆ ಏನೂ ಕಾಣುವುದಿಲ್ಲ. ಮನಶ್ಶಾಸ್ತ್ರಜ್ಞರು ನೂರು ವರ್ಷಕ್ಕೂ ಮೀರಿ ಇದರ ಬೆನ್ನು ಹತ್ತಿದ್ದಾರೆ. ಎರಡು ವರ್ಷದ ಮಗುವಿಗೂ ನೆನಪಿನ ಶಕ್ತಿ ಇದ್ದೇ ಇರುತ್ತದೆ. ಹೋದ ತಿಂಗಳು ಅಜ್ಜನ ಊರಿನಲ್ಲಿ ಕಂಡ ನಾಯಿಮರಿಯ ಸುದ್ದಿಯನ್ನು ಅದು ಇವತ್ತಿಗೂ ತೊದಲುತ್ತದೆ. ಆದರೆ ಮಿದುಳಿನಲ್ಲಿ ನೆನಪನ್ನು ಕಾಪಿಡುವ ಭಾಗ ಆಗಿನ್ನೂ ಬೆಳೆಯುತ್ತಿರುತ್ತದೆ, ಕಂಡದ್ದನ್ನು ಕಟ್ಟಿಡಲು ಮಾತೂ ಕೂಡಿರುವುದಿಲ್ಲ. ಹಾಗಾಗಿ ದೊಡ್ಡವರಾಗುವ ಹೊತ್ತಿಗೆ ಆ ಕಾಲವೆಲ್ಲ ಅಳಿಸಿಹೋಗುತ್ತದೆ.

ನನ್ನನ್ನು ಬಹಳ ಕಾಡುವ ಸಂಗತಿ ಎಂದರೆ, ನಮಗಾಗಿ ಬೇರೆಯವರು ಎಲ್ಲಕ್ಕಿಂತ ಹೆಚ್ಚು ಮೈಮುರಿದು ದುಡಿದದ್ದು ಆ ಮೂರು ವರ್ಷಗಳಲ್ಲೇ.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲಿ. ಬೆಳಗಾಗುವ ಮೊದಲೇ ಯಾರೋ ಎದ್ದು ಹಂಡೆಯ ಒಲೆಗೆ ಉರಿ ಹಾಕಬೇಕು. ಅಜ್ಜಿ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮಂಡಿಯ ತನಕ ಎತ್ತಿ ಕಟ್ಟಿ, ಎರಡೂ ಕಾಲು ಚಾಚಿ ಕೂರುತ್ತಿದ್ದಳು. ಆ ಕಾಲುಗಳ ಮೇಲೆ ಕೂಸು. ನೆತ್ತಿಗೆ ಹರಳೆಣ್ಣೆ ತಟ್ಟಿ, ಕೈಕಾಲು ನೀವಿ, ಬೆನ್ನು ನೀವಿ, ಕಡಲೆಹಿಟ್ಟು ಹಚ್ಚಿ, ಬೆರಸಿದ ನೀರಿನ ಹದವನ್ನು ಮೊದಲು ತನ್ನ ಮೊಣಕೈಗೆ ಸೋಕಿಸಿ ನೋಡಿ, ಆಮೇಲೆ ಚೊಂಬಿನಿಂದ ಎರೆಯುವುದು. ಕಣ್ಣಿಗೆ ನೀರು ಇಳಿಯದಂತೆ ಹಣೆಗೆ ಅಂಗೈ ಅಡ್ಡ. ನೀರೆರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ತಲೆಗೂದಲಿಗೆ ಹೊಗೆ ಹಿಡಿಯುವುದು, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಮಲಗಿಸುವುದು, ಕೆನ್ನೆಗೊಂದು ದೃಷ್ಟಿಬೊಟ್ಟು. ಹೀಗೆ ತಿಂಗಳುಗಟ್ಟಲೆ. ಸೊಂಟ ಹಿಡಿದ ಮುದುಕಿ ಇದನ್ನೆಲ್ಲ ಹೇಗೆ ಮಾಡುತ್ತಿದ್ದಳೋ! ಮಾಡಿಸಿಕೊಂಡ ಕೂಸಿಗೆ ಮಾತ್ರ ಇದರಲ್ಲಿ ಒಂದು ದಿನವೂ ನೆನಪಿರುವುದಿಲ್ಲ. ಇನ್ನೊಬ್ಬರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನಗೆ ಇದು ಮನಸ್ಸಿಗೆ ತಟ್ಟಿದ್ದು ನಮ್ಮ ದೊಡ್ಡಮ್ಮನಿಂದ. ಚಿಕ್ಕಂದಿನಿಂದಲೂ ಅವರ ಮನೆಗೆ ಹೋದರೆ ಸಾಕು, ಕಾರಣ ತಿಳಿಯದ ನೆಮ್ಮದಿ. ಅಡುಗೆಮನೆಯ ಗೋಡೆಗೆ ಒರಗಿ ಕೂತರೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ. ಒಮ್ಮೆ ಅವರೆಕಾಯಿ ಕಾಲದಲ್ಲಿ ಮನೆಯ ಹೆಂಗಸರೆಲ್ಲ ನಡುಮನೆಯಲ್ಲಿ ಸುತ್ತ ಕೂತು, ನೆನೆಹಾಕಿದ ಕಾಳನ್ನು ಹಿತಕುತ್ತಿದ್ದರು. ನಾನೂ ಕೈಹಾಕಿದ್ದೆ. ಮಾತಿನ ಮಧ್ಯೆ ದೊಡ್ಡಮ್ಮ ಸಹಜವಾಗಿ ಅಂದರು: “ನಿಮ್ಮಮ್ಮ ಎರಡನೇ ಬಾಣಂತನದಲ್ಲಿ ಮಲಗಿದ್ದಾಗ ನಿನ್ನನ್ನ ಇಲ್ಲಿಗೇ ಕರಕೊಂಡು ಬಂದಿದ್ದೆ ಕಣೋ. ನಿನಗೆ ದಡಾರ ಬೇರೆ ಎದ್ದಿತ್ತು. ರಾತ್ರಿಯೆಲ್ಲ ಹೆಗಲ ಮೇಲೆ ಹಾಕ್ಕೊಂಡು ಈ ಕಂಬದಿಂದ ಆ ಕಂಬಕ್ಕೆ ತಿರುಗಾಡಿದೀನಿ. ಕೆಳಗೆ ಮಲಗಿಸಿದರೆ ಕಿರುಚೋನು.” ಹೇಳಿ ಮುಗಿಸಿ, ಬೇಳೆಯನ್ನು ಬೋಗುಣಿಗೆ ಹಾಕಿ, ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು. ಅವರಿಗದು ದೊಡ್ಡ ವಿಷಯವೇ ಆಗಿರಲಿಲ್ಲ. ನಾನು ಮಾತ್ರ ಆ ಕಂಬಗಳನ್ನು ನೋಡುತ್ತ ಕೂತೆ. ಆ ಮನೆಯ ನೆಮ್ಮದಿ ಎಲ್ಲಿಂದ ಬರುತ್ತಿತ್ತು ಎಂಬುದು ಅವತ್ತು ತಿಳಿಯಿತು. ನೆನಪು ಅಳಿಸಿದ್ದರೂ ಮೈಗೆ ಆ ಹೆಗಲು ಗೊತ್ತಿತ್ತು ಎಂದೇ ನಾನು ನಂಬುತ್ತೇನೆ.

ಅಂದರೆ ನಮ್ಮ ಬಾಲ್ಯದ ಒಂದು ಭಾಗ ನಮ್ಮ ಬಳಿ ಇಲ್ಲವೇ ಇಲ್ಲ. ಅದು ದೊಡ್ಡಮ್ಮನ ಬಳಿ ಇದೆ, ಸೋದರಮಾವನ ಬಳಿ ಇದೆ, ಹೆಸರಿಡುವ ದಿನ ನಮ್ಮ ಕಿವಿಯಲ್ಲಿ ಹೆಸರು ಉಸುರಿದ ಸೋದರತ್ತೆಯ ಬಳಿ ಇದೆ. ಅವರು ಹೇಳದೆ ಹೋದರೆ, ನಾವು ಕೇಳದೆ ಹೋದರೆ, ಅವರ ಜೊತೆಗೇ ಅದೂ ಹೊರಟುಹೋಗುತ್ತದೆ.

ಮನೆಯ ಹಳೆಯ ಕತೆ ತಿಳಿಯುವುದರಿಂದ ಮಕ್ಕಳಿಗೆ ಏನಾಗುತ್ತದೆ ಎಂದು ಅಮೆರಿಕದ ಅಟ್ಲಾಂಟಾದಲ್ಲಿರುವ ಎಮರಿ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು, ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್, 2001ರ ಸುಮಾರಿಗೆ ಪರೀಕ್ಷಿಸಿ ನೋಡಿದರು. ಅವರು ಮಕ್ಕಳ ಮುಂದಿಟ್ಟದ್ದು 20 ಪ್ರಶ್ನೆ. ನಿಮ್ಮ ಅಜ್ಜ ಅಜ್ಜಿ ಬೆಳೆದ ಊರು ಯಾವುದು, ನಿಮ್ಮ ತಂದೆ ತಾಯಿ ಮೊದಲು ಎಲ್ಲಿ ಭೇಟಿಯಾದರು, ನಿನಗೆ ಈ ಹೆಸರು ಹೇಗೆ ಬಂತು, ನೀನು ಹುಟ್ಟಿದಾಗ ಏನೇನಾಯಿತು, ಇಂಥವು. ಎಲ್ಲವೂ ಆ ಮಕ್ಕಳು ಕಣ್ಣಾರೆ ಕಂಡಿರಲು ಸಾಧ್ಯವಿಲ್ಲದ ವಿಷಯಗಳು. ಹೆಚ್ಚು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಗೌರವ ಹೆಚ್ಚಿತ್ತು, ಬದುಕು ತಮ್ಮ ಕೈಯಲ್ಲಿದೆ ಎಂಬ ಧೈರ್ಯ ಹೆಚ್ಚಿತ್ತು. ಹಾಗೆಂದು ಈ 20 ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಮಗು ಗಟ್ಟಿಯಾಗುತ್ತದೆಯೇ? ಇಲ್ಲ ಎಂದು ಡ್ಯೂಕ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಉತ್ತರ ಗೊತ್ತಾಗಬೇಕಾದರೆ ಮನೆಯಲ್ಲಿ ಯಾರೋ ಕೂತು ಹೇಳಿರಬೇಕು, ಮತ್ತೆ ಮತ್ತೆ ಹೇಳಿರಬೇಕು. ಆ ಕೂತು ಹೇಳಿದ ಹೊತ್ತೇ ಮುಖ್ಯ.

ನಮ್ಮ ಮನೆಗಳಲ್ಲಿ ಆ ಹೊತ್ತು ತಾನಾಗಿಯೇ ಒದಗುತ್ತಿತ್ತು. ಕತೆ ಹೇಳಲೆಂದು ಯಾರೂ ಕೂರುತ್ತಿರಲಿಲ್ಲ. ಬೇಸಿಗೆಯಲ್ಲಿ ಹಪ್ಪಳ ಒತ್ತಬೇಕು, ಮಾಗಿಯಲ್ಲಿ ಅವರೆಕಾಳು ಹಿತಕಬೇಕು, ಸಂಜೆ ಮಲ್ಲಿಗೆ ಕಟ್ಟಬೇಕು, ಮದುವೆಗೆ ಮುಂಚೆ ಅಕ್ಕಿ ಆರಿಸಬೇಕು. ಕೈಗೆ ಕೆಲಸ, ಬಾಯಿಗೆ ಬಿಡುವು. ನಾಲ್ಕೈದು ಜನ ಸುತ್ತ ಕೂತಾಗ ಹಳೆಯದೆಲ್ಲ ತಾನೇ ಹೊರಗೆ ಬರುತ್ತಿತ್ತು. ತೀರಿಹೋದವರು, ಊರು ಬಿಟ್ಟವರು, ಮುನಿಸಿಕೊಂಡು ಮಾತು ಬಿಟ್ಟವರು, ಬರಗಾಲದಲ್ಲಿ ಓಲೆ ಮಾರಿ ರಾಗಿ ತಂದವರು, ಎಲ್ಲರೂ. ಮಕ್ಕಳು ಅಲ್ಲೇ ಆಡಿಕೊಂಡು, ಕೇಳಿಸಿಕೊಂಡು ಬೆಳೆಯುತ್ತಿದ್ದರು. ಬೆಳದಿಂಗಳಲ್ಲಿ ಅಜ್ಜಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುವಾಗಲೂ ಹೀಗೆಯೇ. ತನ್ನ ಸರದಿ ಬರುವ ತನಕ ಕಾಯಬೇಕಲ್ಲ, ಕಾಯುವಾಗ ಕತೆ. ಈಗ ಹಪ್ಪಳ ಅಂಗಡಿಯಿಂದ ಬರುತ್ತದೆ, ಹಿತಕಿದ ಬೇಳೆಯೂ ಪೊಟ್ಟಣದಲ್ಲಿ ಸಿಗುತ್ತದೆ. ಹೆಂಗಸರ ಬೆನ್ನುನೋವು ಅಷ್ಟಾದರೂ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಆ ಕೆಲಸದ ನೆವದಲ್ಲಿ ಕೂಡಿ ಕೂರುವುದೂ ನಿಂತುಹೋಯಿತು. ಅದರ ಬದಲಿಗೆ ನಾವು ಇನ್ನೂ ಏನನ್ನೂ ಕಂಡುಕೊಂಡಿಲ್ಲ.

ತಮ್ಮನ್ನು ಸಾಕಿದ ತಾಯಿಯ ಹೆಸರನ್ನು ಉಳಿಸಿದ ಧಾರವಾಡದ ಇಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬರು ವರಕವಿ ಬೇಂದ್ರೆ. 1896ರಲ್ಲಿ ಹುಟ್ಟಿದ ಅವರು ತಂದೆಯನ್ನು ಚಿಕ್ಕವಯಸ್ಸಿನಲ್ಲೇ ಕಳೆದುಕೊಂಡರು. ಸಾಕಿದವಳು ತಾಯಿ ಅಂಬಿಕೆ. ಮುಂದೆ ಕವಿಯಾಗಿ ಹೆಸರು ಆರಿಸಿಕೊಳ್ಳುವಾಗ ಅವರು ತಾಯಿಯ ಹೆಸರನ್ನೇ ಮುಂದಿಟ್ಟು ಅಂಬಿಕಾತನಯದತ್ತ ಎಂದುಕೊಂಡರು. 1973ರಲ್ಲಿ ಅವರಿಗೆ ಜ್ಞಾನಪೀಠ ಬಂತು. ಆ ಕಾವ್ಯ ಎಲ್ಲೆಲ್ಲಿಗೆ ಹೋಯಿತೋ ಅಲ್ಲೆಲ್ಲ ಅವರ ತಾಯಿಯ ಹೆಸರೂ ಹೋಯಿತು.

ಇನ್ನೊಬ್ಬರು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್, 1913ರಲ್ಲಿ ಹುಟ್ಟಿದವರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಬೀದಿಯಲ್ಲಿ ಗ್ರಾಮಫೋನ್ ಕೇಳಿಸಿದರೆ ಮಗಳು ಓಡಿಹೋಗಿ ಕೇಳಿ, ಕೇಳಿದ್ದನ್ನು ಗುನುಗುತ್ತಿದ್ದಳು. ಅವಳ ಒಲವು ಹಿಂದೂಸ್ತಾನಿಯ ಕಡೆಗೆ. ಅದನ್ನು ಗುರುತಿಸಿದ ತಾಯಿ, ಮಗಳ ಕಿವಿಯಲ್ಲಿ ಎರಡು ಪದ್ಧತಿ ಬೆರೆಯಬಾರದೆಂದು, ತಾವೇ ಹಾಡುವುದನ್ನು ನಿಲ್ಲಿಸಿದರು. ಒಬ್ಬ ಗಾಯಕಿ ತನ್ನ ಮನೆಯೊಳಗೆ ತನ್ನ ದನಿಯನ್ನು ತಾನೇ ತಡೆದುಕೊಳ್ಳುವುದು! 1928ರಲ್ಲಿ ಮಗಳ ಕಲಿಕೆಗಾಗಿ ಸಂಸಾರವನ್ನೇ ಹುಬ್ಬಳ್ಳಿಗೆ ಎತ್ತಿಕೊಂಡು ಬಂದರು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು, ಮಗಳಿಗಿನ್ನೂ ಹತ್ತೊಂಬತ್ತು ವರ್ಷ. 2002ರಲ್ಲಿ ಗಂಗೂಬಾಯಿಯವರಿಗೆ ಪದ್ಮವಿಭೂಷಣ ಬಂದಾಗ ನೋಡಲು ಆ ತಾಯಿ ಇರಲಿಲ್ಲ. ಮಗಳು ನೆನೆದು ಹೇಳಿದ್ದರಿಂದಲೇ ಅಂಬಾಬಾಯಿಯವರ ತ್ಯಾಗ ಇವತ್ತು ನಮಗೆ ಗೊತ್ತಿದೆ.

ಗಂಗೂಬಾಯಿಯವರು ನೆನೆಯುತ್ತಿದ್ದ ಇನ್ನೊಂದು ಸಂಗತಿಯೂ ಇದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರು. ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದರು. ಆ ಹುಡುಗಿಯ ಮನಸ್ಸಿನಲ್ಲಿದ್ದ ಅಂಜಿಕೆ ಏನು ಗೊತ್ತೇ? ಜಾತಿಯ ಕಾರಣಕ್ಕೆ ತನ್ನನ್ನು ಉಂಡ ಎಲೆ ತೆಗೆಯಲು ಕರೆದುಬಿಟ್ಟರೆ ಎಂದು. ಬಾಲ್ಯದ ನೆನಪು ಎಂದ ಕೂಡಲೇ ನಾವು ಜೋಕಾಲಿ, ಮಾವಿನಕಾಯಿ ಎಂದು ಶುರುಮಾಡುತ್ತೇವೆ. ಎಷ್ಟೋ ಮಕ್ಕಳ ನೆನಪಿನಲ್ಲಿ ಇರುವುದು ಇಂಥ ಅಂಜಿಕೆ. ಅದನ್ನೂ ಹೇಳಬೇಕು, ಅದನ್ನೂ ಕೇಳಿಸಿಕೊಳ್ಳಬೇಕು.

ಎಲ್ಲ ಮನೆಗಳೂ ಆಸರೆಯ ಮನೆಗಳಲ್ಲ, ಇದನ್ನು ಮುಚ್ಚಿಡಬೇಕಾಗಿಲ್ಲ. ಕಾದಂಬರಿಕಾರ ಎಸ್. ಎಲ್. ಭೈರಪ್ಪನವರು ಹುಡುಗನಾಗಿದ್ದಾಗಲೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡವರು. 1970ರಲ್ಲಿ ಬಂದ ಅವರ ‘ಗೃಹಭಂಗ’ದ ನಂಜಮ್ಮನಲ್ಲಿ ಆ ತಾಯಿಯ ಛಾಯೆ ಇದೆ. ಕೈಲಾಗದ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ, ಮಕ್ಕಳ ಹೊಟ್ಟೆ ಹೊರೆದವಳು ಅವಳು. ಆ ಕಾದಂಬರಿಯಲ್ಲಿ ತಬ್ಬಲಿಯಾದ ವಿಶ್ವನಿಗೆ ಕೊನೆಗೆ ಆಸರೆಯಾಗುವವರು ರಕ್ತಸಂಬಂಧವೇ ಇಲ್ಲದ ಮಹಾದೇವಯ್ಯನವರು. ಒಂದು ಮಗು ನಿಲ್ಲಬೇಕಾದರೆ ಅದನ್ನು ತನ್ನದು ಅಂದುಕೊಳ್ಳುವ ಒಬ್ಬರು ಬೇಕು. ಅವರು ಹೆತ್ತವರೇ ಆಗಬೇಕೆಂದಿಲ್ಲ. ನಿಮ್ಮ ಬಾಲ್ಯದಲ್ಲೂ ಅಂಥ ಒಬ್ಬರು ಇದ್ದಿರಬಹುದು. ಪಕ್ಕದ ಮನೆಯ ಅತ್ತೆ, ಶಾಲೆಯ ಮೇಷ್ಟ್ರು, ತಿಂಡಿ ಬಚ್ಚಿಟ್ಟು ಕೊಡುತ್ತಿದ್ದ ಅಕ್ಕ. ಈಗ ಅವರು ಎಲ್ಲಿದ್ದಾರೆ, ಹೇಗಿದ್ದಾರೆ, ವಿಚಾರಿಸಿದ್ದೀರಾ?

ಕೇಳುಗರೇ, ನಿಮ್ಮಲ್ಲಿ ಒಂದು ಪ್ರಾರ್ಥನೆ. ಮನೆಯಲ್ಲೋ ಊರಲ್ಲೋ ಇರುವ ಹಿರಿಯರ ಪಕ್ಕ ಈ ವಾರ ಒಂದು ಗಂಟೆ ಕೂತುಕೊಳ್ಳಿ. ಕೈಗೆ ಏನಾದರೂ ಕೆಲಸ ಇರಲಿ. ಸೊಪ್ಪು ಬಿಡಿಸಿ, ಹೂ ಕಟ್ಟಿ, ಅವರ ಕಾಲಿಗೆ ಎಣ್ಣೆ ತಿಕ್ಕಿ. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದು ಕೇಳಿದರೆ ಅವರು ‘ಅಯ್ಯೋ, ಏನಿದೆ ಹೇಳೋಕೆ’ ಎಂದು ಸುಮ್ಮನಾಗುತ್ತಾರೆ. ಸಣ್ಣದನ್ನು ಕೇಳಿ. ನನಗೆ ನೀರೆರೆದವರು ಯಾರು? ಈ ಹೆಸರು ಇಟ್ಟವರು ಯಾರು? ಆಗ ನೀರು ಯಾವ ಬಾವಿಯಿಂದ ಬರುತ್ತಿತ್ತು? ನಿಮ್ಮನ್ನು ಸಾಕಿದವರು ಯಾರು? ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಕೇಳಿದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಊರು, ಹೆಸರು ಸಮೇತ ಬರೆದಿಡಿ. ಗೋಡೆಯ ಮೇಲಿನ ಹಳೆಯ ಫೋಟೋ ಇಳಿಸಿ, ಅದರಲ್ಲಿ ಯಾರ್ಯಾರು ನಿಂತಿದ್ದಾರೆಂದು ಕೇಳಿ ಹಿಂದುಗಡೆ ಬರೆಯಿರಿ. ನಮ್ಮ ಮನೆಯ ಒಂದು ಫೋಟೋದಲ್ಲಿ ಬಲಗಡೆ ನಿಂತ ಹೆಂಗಸು ಯಾರೆಂದು ಹೇಳುವವರು ಈಗ ಒಬ್ಬರೂ ಉಳಿದಿಲ್ಲ. ಅವರ ತೋಳಿನಲ್ಲಿ ಇರುವ ಕೂಸು ನಮ್ಮ ತಂದೆ.

ನಿಮ್ಮ ಮನೆಯಲ್ಲಿ ಹೇಳುವವರು ಇನ್ನೂ ಇದ್ದರೆ ಇವತ್ತೇ ಕೇಳಿ.