ಕೂಸಿಗೊಂದು ಆಸನ

ಮೂವತ್ತೊಂದು ವರ್ಷಗಳ ಕಾಲ ನಾನು ಪ್ರೌಢಶಾಲೆಯ ಮಕ್ಕಳಿಗೆ ಭೌತಶಾಸ್ತ್ರವನ್ನು ಬೋಧಿಸಿದೆ. ಲೋಟದ ಬಾಯಿಗೆ ರಟ್ಟಿನ ಚೂರೊಂದನ್ನು ಮುಚ್ಚಿ, ಅದರ ಮೇಲೊಂದು ನಾಣ್ಯವನ್ನಿಟ್ಟು, ರಟ್ಟನ್ನು ಬೆರಳಿನಿಂದ ಫಕ್ಕನೆ ಚಿಮ್ಮಿಸಿದರೆ ನಾಣ್ಯ ಲೋಟದೊಳಕ್ಕೆ ಬೀಳುವ ಪ್ರಯೋಗವನ್ನು ಎಷ್ಟು ಬಾರಿ ಮಾಡಿ ತೋರಿಸಿದ್ದೇನೋ ಲೆಕ್ಕವಿಲ್ಲ. ಜಡತ್ವದ ನಿಯಮವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆನೆಂಬ ಹೆಮ್ಮೆ ನನಗಿತ್ತು. ಅಂಥ ನಾನೇ, ಐದು ತಿಂಗಳ ಮೊಮ್ಮಗಳನ್ನು ಕಾರಿನಲ್ಲಿ ಕೂರಿಸುವ ಪ್ರಸಂಗ ಬಂದಾಗ, ಆ ಕಾರಿನಲ್ಲಿ ಎಲ್ಲಕ್ಕಿಂತ ಅಪಾಯಕರವಾದ ಸ್ಥಳವನ್ನೇ ಅವಳಿಗಾಗಿ ಆರಿಸಿದೆ. ಕೇಳುಗರಲ್ಲಿ ಮೊಮ್ಮಕ್ಕಳುಳ್ಳವರು ಅನೇಕರಿರಬಹುದು. ಆದ್ದರಿಂದ ಆ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕೆಂದಿದ್ದೇನೆ.

ಬಾಣಂತನ ಮುಗಿಸಿ ಮಗಳು ಹಾಸನದ ನಮ್ಮ ಮನೆಯಿಂದ ಬೆಂಗಳೂರಿಗೆ ಹೊರಟಿದ್ದಳು. ಅಳಿಯಂದಿರು ಕೆಲಸದ ಮೇಲೆ ಪರದೇಶದಲ್ಲಿದ್ದರು. ಕಾರು ಮಗಳದು, ನಡೆಸುವವಳೂ ಅವಳೇ. ತವರಿನಿಂದ ಹೊರಡುವ ಬಾಣಂತಿಯ ಸಾಮಾನು ಎಷ್ಟಿರುತ್ತದೆಂಬುದು ನಿಮಗೆ ಗೊತ್ತು. ತೊಟ್ಟಿಲು, ನೀರು ಕಾಯಿಸುವ ಹಂಡೆ, ಪುಡಿ ಲೇಹ್ಯಗಳ ಡಬ್ಬಗಳು, ಹಳೆಯ ಸೀರೆಗಳ ಗಂಟು. ಇವೆಲ್ಲ ಹಿಂದಿನ ಸೀಟನ್ನು ಆಕ್ರಮಿಸಿ, ಉಳಿದ ಮೂಲೆಯಲ್ಲಿ ನನ್ನ ಮನೆಯವಳು ಕೂರುವುದೆಂದೂ, ನಾನು ಬಸ್ಸಿನಲ್ಲಿ ಹೋಗುವುದೆಂದೂ ತೀರ್ಮಾನವಾಗಿತ್ತು. ಅಳಿಯಂದಿರು ಮೊದಲೇ ತರಿಸಿಟ್ಟಿದ್ದ ಮಕ್ಕಳ ಸೀಟು ಪೆಟ್ಟಿಗೆಯಲ್ಲಿತ್ತು. ಅದನ್ನು ಮುಂದಿನ ಸೀಟಿನಲ್ಲಿ, ಮಗಳ ಪಕ್ಕದಲ್ಲಿಯೇ ಕಟ್ಟಿದೆ. ತಾಯಿಯ ಕಣ್ಣೆದುರಿಗೆ ಮಗುವಿರುತ್ತದೆ. ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಯಾವುದಿದೆ ಎಂದುಕೊಂಡೆ.

ಸೀಟು ಹಿಮ್ಮುಖವಾದದ್ದು; ಎಂದರೆ, ಮಗುವಿನ ಬೆನ್ನು ಕಾರಿನ ಮುಂಭಾಗದ ಕಡೆಗಿರುತ್ತದೆ. ಕಟ್ಟಿ ಮುಗಿಸಿದ ಮೇಲೆ ಮಗುವಿನ ಮುಖಕ್ಕೆ ಬಿಸಿಲು ಬಿದ್ದೀತೇ ಎಂದು ನೋಡುವುದಕ್ಕಾಗಿ, ಮುಂದಿನ ಗಾಜಿನ ಮೇಲುಗಡೆ ಬಿಸಿಲಿಗೆ ಅಡ್ಡವಾಗಿ ಇಳಿಬಿಡುವ ಹಲಗೆಯನ್ನು ಕೆಳಕ್ಕೆಳೆದೆ. ಅದರ ಮೇಲೊಂದು ಹಳದಿಯ ಚೀಟಿ. ಚೀಟಿಯಲ್ಲೊಂದು ಚಿತ್ರ. ನಾನು ಆಗತಾನೆ ಕಟ್ಟಿ ಮುಗಿಸಿದ್ದ ಸೀಟು, ಅದರಲ್ಲೊಂದು ಕೂಸು, ಅದರ ಮುಂದೆ ಉಬ್ಬಿನಿಂತ ಚೀಲ. ಎಲ್ಲಕ್ಕೂ ಸೇರಿಸಿ ಅಡ್ಡಲಾಗಿ ಎಳೆದ ಕೆಂಪು ಗೆರೆ. ಎರಡು ವರ್ಷಗಳಿಂದ ಆ ಕಾರಿನಲ್ಲಿ ಓಡಾಡಿದ್ದರೂ ಅದನ್ನು ನಾನು ಓದಿರಲಿಲ್ಲ.

ಏರ್‌ಬ್ಯಾಗ್ ಎಂಬ ಹೆಸರು ಕೇಳಿದರೆ ಮೆತ್ತನೆಯ ದಿಂಬೊಂದು ಮನಸ್ಸಿಗೆ ಬರುತ್ತದೆ. ನಿಜಸಂಗತಿ ಹಾಗಿಲ್ಲ. ಡಿಕ್ಕಿಯಾದುದನ್ನು ಯಂತ್ರ ಗುರುತಿಸಿದೊಡನೆ ಪುಟ್ಟದೊಂದು ಸಿಡಿಮದ್ದು ಉರಿದು ಅನಿಲವನ್ನು ಹುಟ್ಟಿಸುತ್ತದೆ. ಮಡಿಸಿಟ್ಟಿದ್ದ ಚೀಲ ಮುಚ್ಚಳವನ್ನು ಹರಿದುಕೊಂಡು ಹೊರಕ್ಕೆ ನುಗ್ಗುತ್ತದೆ. ಕಣ್ಣು ಮಿಟುಕಿಸುವುದಕ್ಕೆ ಬೇಕಾಗುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಅದು ಪೂರ್ತಿ ಉಬ್ಬಬೇಕು. ಆದ್ದರಿಂದ ಅದರ ವೇಗ ಗಂಟೆಗೆ 300 ಕಿಲೋಮೀಟರಿನಷ್ಟಿರಬಲ್ಲದು. ಬೆಲ್ಟು ಕಟ್ಟಿಕೊಂಡು ಹಿಂದಕ್ಕೊರಗಿ ಕುಳಿತ ವಯಸ್ಕನಿಗೆ ಇದರಿಂದ ತೊಂದರೆಯಿಲ್ಲ. ಅವನ ಎದೆ ಅಲ್ಲಿಗೆ ಬರುವಷ್ಟರಲ್ಲಿ ಚೀಲ ಉಬ್ಬಿ ಮುಗಿದು, ತೂತುಗಳಿಂದ ಅನಿಲವನ್ನು ಬಿಡುತ್ತ ಕುಗ್ಗತೊಡಗಿರುತ್ತದೆ; ಆಗ ಅದು ದಿಂಬೇ ಸರಿ. ಉಬ್ಬುತ್ತಿರುವಾಗ ಎದುರಿಗೆ ಸಿಕ್ಕಿದರೆ ಮಾತ್ರ ಅದು ದಿಂಬಲ್ಲ, ಸುತ್ತಿಗೆ. ಹಿಮ್ಮುಖ ಸೀಟಿನ ಬೆನ್ನು ಆ ಮುಚ್ಚಳಕ್ಕೆ ತೀರ ಸಮೀಪದಲ್ಲಿರುತ್ತದೆ. ಹೊಡೆತ ನೇರವಾಗಿ ಅದಕ್ಕೆ, ಅದರ ಹಿಂದೆಯೇ ಇರುವ ಕೂಸಿನ ತಲೆಗೆ.

ಇದು ಕಲ್ಪನೆಯ ಭಯವಲ್ಲ. ಅಮೆರಿಕದಲ್ಲಿ ಮೊದಲ ಏರ್‌ಬ್ಯಾಗುಗಳನ್ನು ರೂಪಿಸುವಾಗ, ಬೆಲ್ಟನ್ನೇ ಕಟ್ಟದ ವಯಸ್ಕ ಗಂಡಸನ್ನೂ ಅವು ತಡೆಯಬೇಕೆಂದು ಅಲ್ಲಿಯ ನಿಯಮ ವಿಧಿಸಿತ್ತು. ಬೆಲ್ಟು ಕಟ್ಟುವ ಸೋಮಾರಿತನಕ್ಕೆ ಪರಿಹಾರವಾಗಿ ಚೀಲದ ಬಲವನ್ನು ಹೆಚ್ಚಿಸಿದರು. ಅದರ ಬೆಲೆಯನ್ನು ತೆತ್ತವರು ಮಕ್ಕಳು. 1990ರಿಂದ 2008ರವರೆಗೆ, ಬದುಕಿ ಉಳಿಯಬಹುದಾಗಿದ್ದ ಕಡಿಮೆ ವೇಗದ ಡಿಕ್ಕಿಗಳಲ್ಲಿ, ಏರ್‌ಬ್ಯಾಗಿನ ಹೊಡೆತದಿಂದಲೇ 290ಕ್ಕೂ ಹೆಚ್ಚು ಮಂದಿ ಸತ್ತರೆಂದು ಅಲ್ಲಿನ ಸರ್ಕಾರದ ಅಂದಾಜು. ಅವರಲ್ಲಿ ಹೆಚ್ಚಿನವರು ಚಾಲಕರಲ್ಲ, ಪ್ರಯಾಣಿಕರು; ಆ ಪ್ರಯಾಣಿಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮಕ್ಕಳು, ಕೂಸುಗಳು. 1997ರ ತರುವಾಯ ಚೀಲಗಳ ಬಲವನ್ನು ತಗ್ಗಿಸಿದರು, ಎಚ್ಚರಿಕೆಯ ಚೀಟಿಗಳನ್ನು ಅಂಟಿಸಿದರು. ಸಾವುಗಳು ಬಹುಮಟ್ಟಿಗೆ ನಿಂತವು. ಅದೇ ಚೀಲ ಸಾವಿರಾರು ವಯಸ್ಕರ ಪ್ರಾಣವನ್ನು ಉಳಿಸಿದೆಯೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗು ಕಡ್ಡಾಯವಾದದ್ದು 2019ರಲ್ಲಿ. ಪಕ್ಕದ ಪ್ರಯಾಣಿಕನದು, ಹೊಸ ಮಾದರಿಯ ಕಾರುಗಳಲ್ಲಿ, 2021ರ ಏಪ್ರಿಲ್‌ನಿಂದ. ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಮಗುವನ್ನಿಟ್ಟುಕೊಂಡು ಕೂರುವ ನಮ್ಮ ರೂಢಿಯಾದರೋ ಎಷ್ಟೋ ಹಳೆಯದು. ಆ ರೂಢಿಯ ಎದುರಿಗೆ ಈ ಚೀಲ ಸದ್ದಿಲ್ಲದೆ ಬಂದು ಕುಳಿತಿದೆ. ಕೆಲವು ಕಾರುಗಳಲ್ಲಿ ಪ್ರಯಾಣಿಕನ ಏರ್‌ಬ್ಯಾಗನ್ನು ಕೀಲಿಕೈಯಿಂದ ನಿಲ್ಲಿಸುವ ಸ್ವಿಚ್ಚು ಇರುತ್ತದೆ. ನಮ್ಮ ಕಾರಿನಲ್ಲಿರಲಿಲ್ಲ. ಇದ್ದರೂ, ಹಿಂದೆ ಜಾಗವಿರುವಾಗ ಮಗುವಿನ ಸ್ಥಾನ ಹಿಂದೆಯೇ.

ಸೀಟನ್ನು ಬಿಚ್ಚಿ ಹಿಂದಕ್ಕೆ ಸಾಗಿಸುವೆನೆಂದಾಗ ಮನೆಯಲ್ಲಿ ಸಣ್ಣದೊಂದು ವಾಗ್ವಾದವೇ ಆಯಿತು. “ಈ ಪ್ಲಾಸ್ಟಿಕ್ಕಿನ ಬುಟ್ಟಿಯೇ ಬೇಡ. ಕೂಸನ್ನು ನನ್ನ ಮಡಿಲಿಗೆ ಕೊಡಿ. ನಿಮ್ಮ ಮಗಳನ್ನು ಹಾಗೆಯೇ ಅಲ್ಲವೆ ಸಾಕಿದ್ದು?” ಎಂದಳು ನನ್ನ ಮನೆಯವಳು. ನಾನು ಲೆಕ್ಕ ಹೇಳಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನೋಣ. ಒಳಗಿರುವ ಪ್ರತಿಯೊಂದು ವಸ್ತುವನ್ನೂ ಹಿಡಿದು ನಿಲ್ಲಿಸಲು ಅದರ ತೂಕದ ಸುಮಾರು ಹದಿನಾಲ್ಕು ಪಟ್ಟು ಬಲ ಬೇಕಾಗುತ್ತದೆ. ಏಳು ಕಿಲೋ ಕೂಸಿಗೆ ಒಂದು ಕ್ವಿಂಟಲ್. ಒಂದು ಅಕ್ಕಿಮೂಟೆಯ ಭಾರ. ತಾಯಿಯನ್ನೂ ಮಗುವನ್ನೂ ಒಂದೇ ಬೆಲ್ಟಿನೊಳಗೆ ಸೇರಿಸಿ ಕಟ್ಟಿದರೆ ಇನ್ನೂ ಕೇಡು: ತಾಯಿಯ ಮೈಭಾರವೇ ಹದಿನಾಲ್ಕು ಪಟ್ಟಾಗಿ ಕೂಸನ್ನು ಬೆಲ್ಟಿಗೆ ಒತ್ತುತ್ತದೆ.

ಈ ಲೆಕ್ಕ ಅವಳ ಮೇಲೆ ಯಾವ ಪರಿಣಾಮವನ್ನೂ ಮಾಡಲಿಲ್ಲ. “ಮೂಟೆಯನ್ನು ಕೈಬಿಟ್ಟೇನು, ಮೊಮ್ಮಗಳನ್ನು ಬಿಡುತ್ತೇನೆಯೆ?” ಎಂದಳು. ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಕಡೆಗೆ ಮಗಳೇ, “ಅಮ್ಮ, ಧರ್ಮಸ್ಥಳದ ಬಸ್ಸಿನಲ್ಲಿ ನಿನ್ನ ತಂಬಿಗೆ ಏನಾಯಿತು, ನೆನಪಿದೆಯೆ?” ಎಂದಳು. ಹಿಂದೊಮ್ಮೆ ಘಾಟಿಯ ತಿರುವಿನಲ್ಲಿ ಚಾಲಕ ಥಟ್ಟನೆ ಬ್ರೇಕು ಹಾಕಿದಾಗ, ಎರಡೂ ಕೈಗಳಿಂದ ಮಡಿಲಲ್ಲಿ ಹಿಡಿದುಕೊಂಡಿದ್ದ ತೀರ್ಥದ ತಂಬಿಗೆ ಹಾರಿ ಮೂರು ಸೀಟುಗಳಾಚೆ ಬಿದ್ದಿತ್ತು. ನನ್ನ ಮನೆಯವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹಂಡೆಯನ್ನು ತಾನೇ ಕೆಳಕ್ಕಿಳಿಸಿದಳು.

ಕೂಸು ಹಿಮ್ಮುಖವಾಗಿಯೇ ಏಕೆ ಕೂರಬೇಕೆಂಬ ಪ್ರಶ್ನೆಯನ್ನು ಅವಳೂ ಕೇಳಿದಳು, ನೀವೂ ಕೇಳಬಹುದು. ಕೂಸಿನ ತಲೆ ಅದರ ಉದ್ದದ ನಾಲ್ಕರಲ್ಲೊಂದು ಭಾಗ. ಕತ್ತಿನ ಎಲುಬುಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಎದುರಿನಿಂದ ಡಿಕ್ಕಿಯಾದಾಗ ಮುಮ್ಮುಖವಾಗಿದ್ದರೆ ದೇಹವನ್ನು ಪಟ್ಟಿಗಳು ಹಿಡಿಯುತ್ತವೆ, ತಲೆಯ ಭಾರವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಹಿಮ್ಮುಖವಾಗಿದ್ದರೆ ತಲೆ, ಕತ್ತು, ಬೆನ್ನುಗಳನ್ನು ಸೀಟು ಒಟ್ಟಾಗಿ ಅಂಗೈಯಲ್ಲಿ ಹಿಡಿದಂತೆ ತಾಳಿಕೊಳ್ಳುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವಿಜ್ಞಾನಿಗೆ ಈ ಉಪಾಯ ಹೊಳೆದದ್ದು ಅಮೆರಿಕದ ಜೆಮಿನಿ ಗಗನಯಾತ್ರಿಗಳ ಆಸನಗಳನ್ನು ಕಂಡು. ಸ್ವೀಡನ್ನಿನಲ್ಲಿ ಮಕ್ಕಳನ್ನು ನಾಲ್ಕು ವರ್ಷದವರೆಗೂ ಹೀಗೆಯೇ ಕೂರಿಸುವ ವಾಡಿಕೆಯಿದೆ.

ಇನ್ನು ಕಟ್ಟುವ ಕೆಲಸ. ಹಿಂದಿನ ಸೀಟಿನ ಬೆನ್ನೂ ಕೂರುವ ಭಾಗವೂ ಸೇರುವ ಸಂದಿಯಲ್ಲಿ ಬೆರಳಾಡಿಸಿದರೆ ಎರಡು ಉಕ್ಕಿನ ಸರಳುಗಳು ಸಿಗುತ್ತವೆ. ಇದಕ್ಕೆ ಐಸೋಫಿಕ್ಸ್ ಎನ್ನುತ್ತಾರೆ. ಸೀಟಿನ ಎರಡು ಕೊಂಡಿಗಳನ್ನು ಅವುಗಳಿಗೆ ಒತ್ತಿದರೆ ಟಕ್ಕೆಂದು ಸದ್ದಾಗಿ ಹಸಿರು ಗುರುತು ಕಾಣಬೇಕು. ನನಗೆ ಒಂದು ಕಡೆ ಮಾತ್ರ ಹಸಿರು ಬಂದಿತ್ತು. ಅಷ್ಟಕ್ಕೇ ತೃಪ್ತನಾಗಿ ಎದ್ದವನನ್ನು ಮಗಳು ಮತ್ತೆ ಕೂರಿಸಿದಳು. ನಮ್ಮ ಸೀಟಿಗೆ ನೆಲಕ್ಕೂರುವ ಕಾಲೊಂದಿದೆ. ಕಾರಿನ ನೆಲದಲ್ಲಿ ಸಾಮಾನಿಡುವ ಗೂಡಿದ್ದರೆ ಅದರ ಮುಚ್ಚಳದ ಮೇಲೆ ಈ ಕಾಲನ್ನು ಊರಬಾರದು. ಸರಳುಗಳಿಲ್ಲದ ಹಳೆಯ ಕಾರಾದರೆ, ಅದಕ್ಕೆ ಅವಕಾಶವಿರುವ ಸೀಟನ್ನು ಕಾರಿನ ಬೆಲ್ಟಿನಿಂದಲೇ ಬಿಗಿಯಬಹುದು. ಹೇಗೆ ಕಟ್ಟಿದರೂ, ಬುಡವನ್ನು ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು.

ಮಗುವನ್ನು ಬಿಗಿಯುವ ಪಟ್ಟಿಗಳ ವಿಷಯದಲ್ಲಿ ಇನ್ನೊಂದು ತಪ್ಪಾಗುತ್ತಿತ್ತು. ಅಜ್ಜಿ ಉಣ್ಣೆಯ ಅಂಗಿ, ಅದರ ಮೇಲೆ ಕುಂಚಿಗೆ, ಅದರ ಮೇಲೊಂದು ಶಾಲು ಸುತ್ತಿ ಕೂಸನ್ನು ಸಿದ್ಧಗೊಳಿಸಿದ್ದಳು. ಪಟ್ಟಿ ಬಿಗಿಯಾಗಿದೆಯೆಂದು ತೋರುತ್ತದೆ. ಆದರೆ ಅದು ಹಿಡಿದಿರುವುದು ಶಾಲನ್ನು, ಕೂಸನ್ನಲ್ಲ. ತೆಳುವಾದ ಅಂಗಿ ತೊಡಿಸಿ, ಪಟ್ಟಿ ಬಿಗಿದು, ಶಾಲನ್ನು ಮೇಲೆ ಹೊದಿಸಿದರಾಯಿತು. ಹೆಗಲ ಬಳಿ ಪಟ್ಟಿಯನ್ನು ಎರಡು ಬೆರಳುಗಳಿಂದ ಚಿವುಟಿ ನೋಡಬೇಕು. ಮಡಿಕೆ ಸಿಕ್ಕಿದರೆ ಇನ್ನೂ ಸಡಿಲವೆಂದೇ ಅರ್ಥ.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಹಾಸನದಿಂದ ಬೆಂಗಳೂರಿನವರೆಗೆ ಯಾರೂ ನಮ್ಮನ್ನು ನಿಲ್ಲಿಸಿ ಕೇಳಲಿಲ್ಲ.

ತೊಟ್ಟಿಲೂ ಹಂಡೆಯೂ ನನ್ನ ಬದಲಿಗೆ ಲಾರಿಯ ಪಾರ್ಸೆಲ್ಲಿನಲ್ಲಿ ಹೋದವು. ನಾನು ಮುಂದಿನ ಸೀಟಿನಲ್ಲಿ, ಆ ಚೀಲದೆದುರಿಗೆ, ಬೆಲ್ಟು ಕಟ್ಟಿಕೊಂಡು ಕುಳಿತೆ. ಹಿಂದೆ ಅಜ್ಜಿಯ ಪಕ್ಕದಲ್ಲಿ ಕೂಸು ಚನ್ನರಾಯಪಟ್ಟಣದವರೆಗೆ ಅತ್ತು ಮಲಗಿತು. ಅಷ್ಟು ಚಿಕ್ಕ ಮಕ್ಕಳನ್ನು ಬಹಳ ಹೊತ್ತು ಒಂದೇ ಸಮನೆ ಆ ಭಂಗಿಯಲ್ಲಿಡಬಾರದೆಂದು ಯಡಿಯೂರಿನಲ್ಲಿ ಕಾರು ನಿಲ್ಲಿಸಿ, ಅರ್ಧ ಗಂಟೆ ಎತ್ತಿಕೊಂಡು ಆಡಿಸಿದೆವು. ಮೊನ್ನೆ ಮಗಳು ಫೋನು ಮಾಡಿದ್ದಳು. ಕೂಸಿನ ಹೆಗಲು ಪಟ್ಟಿಗಳಿಗಿಂತ ಮೇಲಕ್ಕೆ ಬೆಳೆದಿದೆಯಂತೆ; ಅವುಗಳನ್ನು ಒಂದು ತೂತು ಮೇಲಕ್ಕೆ ಏರಿಸಲು ಭಾನುವಾರ ಬರಬೇಕಂತೆ.