ರಿಮೋಟ್‌ನ ಬೆಳಕು, ಒಂದೇ ಪದರದ ಮ್ಯಾಗ್ನೆಟ್

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಮಾತಾಡ್ತಿದ್ದೀನಿ. ಮೊದಲು ಒಂದು ಕೆಲಸ ಮಾಡಿ. ಮನೆಯ ಟಿವಿ ರಿಮೋಟ್ ತಗೊಂಡು ಫೋನಿನ ಸೆಲ್ಫಿ ಕ್ಯಾಮೆರಾ ಕಡೆ ಹಿಡಿದು ಬಟನ್ ಒತ್ತಿ. ಬಹಳಷ್ಟು ಫೋನ್‌ಗಳಲ್ಲಿ ರಿಮೋಟ್‌ನ ತುದಿ ಮಿಣುಕೋದು ಕಾಣುತ್ತೆ. ಬರೀ ಕಣ್ಣಿಗೆ ಕಾಣಲ್ಲ. ಅದೇ ಇನ್ಫ್ರಾರೆಡ್, ಶಾಲೆಯ ಪುಸ್ತಕದಲ್ಲಿ ಓದಿದ ಅವಕೆಂಪು ಬೆಳಕು. ಅದರ ಅಲೆಯ ಉದ್ದ ಸುಮಾರು 940 ನ್ಯಾನೊಮೀಟರ್. ಈ ಸಂಖ್ಯೆ ನೆನಪಿಟ್ಕೊಳ್ಳಿ.

ಈಗ ಮ್ಯಾಗ್ನೆಟ್ ವಿಷಯಕ್ಕೆ ಬರೋಣ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಹಳೇ ಮೋಟರ್ ಬಿಚ್ಚಿದ್ರೆ ಕೈತುಂಬಾ ಮ್ಯಾಗ್ನೆಟ್ ಸಿಗುತ್ತೆ. ಅದನ್ನ ತೆಳ್ಳಗೆ ಮಾಡ್ತಾ ಹೋದ್ರೆ, ಕೊನೆಗೆ ಕೆಲವೇ ಪರಮಾಣುಗಳಷ್ಟು ದಪ್ಪದ ಒಂದೇ ಪದರ ಉಳಿದಾಗ, ಅದು ಇನ್ನೂ ಮ್ಯಾಗ್ನೆಟ್ ಆಗಿರುತ್ತಾ? ಎಲ್ಲ ದಿಕ್ಕೂ ಒಂದೇ ಎನ್ನುವಂಥ ವಸ್ತುವಾದರೆ ಆಗಲ್ಲ, ಸ್ವಲ್ಪ ಶಾಖ ಇದ್ದರೂ ಸಾಕು, ಒಳಗಿನ ಶಿಸ್ತು ಕೆಡುತ್ತೆ ಅಂತ 1966ರಲ್ಲೇ ಮರ್ಮಿನ್ ಮತ್ತು ವ್ಯಾಗ್ನರ್ ಲೆಕ್ಕ ಹಾಕಿ ತೋರಿಸಿದ್ದರು. ಆದರೆ ಕೆಲವು ಹರಳುಗಳಿಗೆ ಒಂದು ದಿಕ್ಕಿನ ಮೇಲೆ ಒಲವು ಜಾಸ್ತಿ. ಆ ಒಲವೇ ಅವನ್ನ ಕಾಪಾಡುತ್ತೆ. 2017ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಎಂಐಟಿ ವಿಜ್ಞಾನಿಗಳು ಕ್ರೋಮಿಯಂ ಅಯೋಡೈಡ್‌ನ ಒಂದೇ ಪದರ ಮ್ಯಾಗ್ನೆಟ್ ಆಗಿರೋದನ್ನ ಕಂಡರು. ಮೈನಸ್ 228 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ.

ಇಷ್ಟು ತೆಳ್ಳಗಿನ ಮ್ಯಾಗ್ನೆಟ್ಟನ್ನ ಪರೀಕ್ಷೆ ಮಾಡೋದು ಹೇಗ್ರೀ? ಪಕ್ಕದಲ್ಲಿ ದಿಕ್ಸೂಚಿ ಇಟ್ರೆ ಮುಳ್ಳು ಅಲ್ಲಾಡಲ್ಲ. ಹಾಗಾಗಿ ಬೆಳಕನ್ನೇ ಸಾಕ್ಷಿಗೆ ಕರೀಬೇಕು. ಯಾವ ಬಣ್ಣ ಒಳಗೆ ಹೋಯ್ತು, ಯಾವುದು ವಾಪಸ್ ಬಂತು ಅಂತ ಲೆಕ್ಕ ಹಾಕಬೇಕು. ಇದೇ ಸ್ಪೆಕ್ಟ್ರೋಸ್ಕೋಪಿ.

ಕ್ರೋಮಿಯಂ ಸಲ್ಫರ್ ಬ್ರೋಮೈಡ್ ಅಂತ ಒಂದು ಹರಳಿದೆ. ಪುಸ್ತಕದ ಹಾಳೆಗಳ ಥರ ಪದರ ಪದರ. ಒಂದು ಪದರದ ದಪ್ಪ ಸುಮಾರು 0.8 ನ್ಯಾನೊಮೀಟರ್. ಇಂಥ ಒಂದು ಲಕ್ಷ ಪದರ ಪೇರಿಸಿದ್ರೆ ಒಂದು ತಲೆಗೂದಲಿನ ದಪ್ಪ. ಇದು ಹೀರಿಕೊಳ್ಳೋ ಬೆಳಕುಗಳಲ್ಲಿ ಮುಖ್ಯವಾದದ್ದು ಸುಮಾರು 910 ನ್ಯಾನೊಮೀಟರ್, ಹೆಚ್ಚುಕಮ್ಮಿ ನಿಮ್ಮ ರಿಮೋಟ್‌ನ ಬೆಳಕೇ.

ಮೈನಸ್ 141 ಡಿಗ್ರಿಗಿಂತ ತಣ್ಣಗಾದಾಗ ಇದರ ಅಕ್ಕಪಕ್ಕದ ಪದರಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖ ಮಾಡುತ್ತವೆ. ಜಗಳಾಡಿದ ಎರಡು ಮನೆ ಅಂದ್ಕೊಳ್ಳಿ. ನಡುವಿನ ಬಾಗಿಲು ಬಂದ್, ಎಲೆಕ್ಟ್ರಾನ್ ಆಚೆ ಮನೆಗೆ ಹೋಗಲ್ಲ. ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟು ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿದರೆ ಬಾಗಿಲು ತೆರೆಯುತ್ತೆ, ಎಲೆಕ್ಟ್ರಾನ್ ಎರಡೂ ಮನೆಯಲ್ಲಿ ಓಡಾಡುತ್ತೆ. ಆಗ ಹರಳು ಹೀರುವ ಇನ್ಫ್ರಾರೆಡ್ ಬೆಳಕಿನ ಬಣ್ಣ ತುಸು ಜರುಗುತ್ತೆ. ಒಂದೇ ಪದರ ಇದ್ದರೆ ಈ ಜರುಗಾಟ ಇಲ್ಲ, ಯಾಕಂದ್ರೆ ನೆರೆಮನೆಯೇ ಇಲ್ಲ! ವಾಷಿಂಗ್ಟನ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ತಂಡ 2021ರಲ್ಲಿ ಇದನ್ನ ಪ್ರಕಟಿಸಿತು. ಅಂದ್ರೆ ಮ್ಯಾಗ್ನೆಟ್ಟಿನ ದಿಕ್ಕನ್ನ ಬೆಳಕಿನಿಂದಲೇ ಓದಬಹುದು.

ಇನ್ನೂ ಉದ್ದ ಅಲೆಯ ಇನ್ಫ್ರಾರೆಡ್ ಬಳಸಿದರೆ ಪರಮಾಣುಗಳ ನಡುಕವೂ ಗೊತ್ತಾಗುತ್ತೆ. ಅಲ್ಲೊಂದು ತೊಡಕಿದೆ. 10 ಮೈಕ್ರೋಮೀಟರ್ ಅಲೆಯ ಮುಂದೆ ಈ ಪದರ ಹನ್ನೆರಡು ಸಾವಿರ ಪಟ್ಟು ತೆಳು. ಬೆಳಕು ಪದರವನ್ನ ಗಮನಿಸದೇ ದಾಟಿಹೋಗುತ್ತೆ. ಅದಕ್ಕೆ ಉಪಾಯ, ಚೂಪಾದ ಲೋಹದ ಮೊನೆ. ಬೆಳಕು ಆ ಮೊನೆಯ ತುದಿಯಲ್ಲಿ ಒತ್ತಟ್ಟಾಗುತ್ತೆ, ಸುಮಾರು 20 ನ್ಯಾನೊಮೀಟರ್ ಜಾಗವನ್ನಷ್ಟೇ ಮುಟ್ಟಿ ನೋಡುತ್ತೆ.

ಇದೆಲ್ಲ ಫಾರಿನ್ ಕಥೆ ಅನ್ಬೇಡಿ. ಇನ್ಫ್ರಾರೆಡ್ ವಿಧಾನದ ಜೋಡಿ ಅಂದ್ರೆ ರಾಮನ್ ಪರಿಣಾಮ, ಅದೂ ಪರಮಾಣುಗಳ ನಡುಕವನ್ನೇ ಓದುತ್ತೆ. 1928ರಲ್ಲಿ ಕೋಲ್ಕತ್ತಾದಲ್ಲಿ ಅದನ್ನ ಕಂಡುಹಿಡಿದ ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದರು. ಅದೇ ಐಐಎಸ್‌ಸಿಯಲ್ಲಿ ಅಜಯ್ ಸೂದ್ ಅವರ ತಂಡ 2008ರಲ್ಲಿ, ಒಂದೇ ಪರಮಾಣು ದಪ್ಪದ ಗ್ರಾಫೀನ್‌ನ ಟ್ರಾನ್ಸಿಸ್ಟರ್‌ಗೆ ಎಷ್ಟು ಎಲೆಕ್ಟ್ರಾನ್ ಸೇರಿವೆ ಅನ್ನೋದನ್ನ ರಾಮನ್ ವಿಧಾನದಲ್ಲೇ ಓದಿ ತೋರಿಸಿತು. ಗ್ರಾಫೀನ್ ಮ್ಯಾಗ್ನೆಟ್ ಅಲ್ಲ, ಆದರೆ ತೆಳು ಪದರವನ್ನ ಬೆಳಕಿನಿಂದ ಓದೋ ವಿದ್ಯೆ ಅದೇ.

ಇದರಿಂದ ನಮಗೇನು? ನೀವು ಈಗ ಕೇಳ್ತಿರೋ ಈ ಮಾತು ಫೈಬರ್ ಕೇಬಲ್‌ನಲ್ಲಿ ಇನ್ಫ್ರಾರೆಡ್ ಬೆಳಕಾಗಿಯೇ ಓಡಿ ಬರುತ್ತೆ. ಹಾರ್ಡ್ ಡಿಸ್ಕ್ ಮಾತ್ರ ಮ್ಯಾಗ್ನೆಟ್ ಭಾಷೆಯಲ್ಲಿ ಬರೆದಿಡುತ್ತೆ. ನಡುವೆ ಅನುವಾದಕ್ಕೆ ಕರೆಂಟ್ ಬೇಕು. ಎರಡೂ ಭಾಷೆ ಬರೋ ವಸ್ತು ಸಿಕ್ಕರೆ ಆ ಖರ್ಚು ಇಳಿಸಬಹುದು ಅನ್ನೋದು ಆಸೆ. ಆದರೆ ಮೈನಸ್ 141 ಡಿಗ್ರಿ ನಮ್ಮ ಜೇಬಿನಲ್ಲಿ ಇಲ್ವಲ್ಲ! ಹಾಗಾಗಿ ಯಾರಾದ್ರೂ ‘ನಾಳೆನೇ ನಿಮ್ಮ ಫೋನ್‌ಗೆ ಬರುತ್ತೆ’ ಅಂದ್ರೆ ನಂಬಬೇಡಿ.

ಬಿಎಸ್ಸಿ, ಫಾರ್ಮಸಿ ಓದೋರಿಗೆ ಒಂದು ಮಾತು. ಐಆರ್ ಗ್ರಾಫ್‌ನಲ್ಲಿ 1700ರ ಹತ್ತಿರ ಕಾರ್ಬೊನಿಲ್ ಅಂತ ಮಾರ್ಕ್ಸ್‌ಗೋಸ್ಕರ ಬಾಯಿಪಾಠ ಮಾಡ್ತೀರಲ್ಲ, ಪರಮಾಣು ಪದರದ ಮ್ಯಾಗ್ನೆಟ್ ಓದೋ ಲ್ಯಾಬ್‌ನಲ್ಲೂ ಅದೇ ಥರದ ಗ್ರಾಫ್ ನೋಡ್ತಾರೆ. ಮುಂದಿನ ಪ್ರಾಕ್ಟಿಕಲ್‌ನಲ್ಲಿ ಆ ಗೆರೆ ಯಾಕೆ ಅಲ್ಲೇ ಬಂತು ಅಂತ ಮೇಷ್ಟ್ರನ್ನ ಒಮ್ಮೆ ಕೇಳ್ರಿ. ಬರ್ತೀನ್ರಿ, ಮುಂದಿನ ಸಂಚಿಕೆಯಲ್ಲಿ ಸಿಗೋಣ.