ಕುರ್ಚಿಯಿಂದ ಗೋಡೆಗೆ ಎಷ್ಟು ಅಡಿ?

ಮನೆಗೆ ಹೊಸ ಟಿ.ವಿ. ತರಬೇಕೆಂದಾಗ ನಾವು ಮೊದಲು ಹೋಗುವುದು ಅಂಗಡಿಗೆ. ಅಲ್ಲಿ ನಾವು ಕೇಳುವ ಮೊದಲ ಪ್ರಶ್ನೆ ಬೆಲೆಯದು; ಎರಡನೆಯದು ಅಂಗುಲದ್ದು; ಮೂರನೆಯದನ್ನು ನಾವು ಕೇಳುವುದಕ್ಕೆ ಮುಂಚೆಯೇ ಅಂಗಡಿಯವರು ಹೇಳಿಬಿಡುತ್ತಾರೆ: 'ಇದು ಫುಲ್ ಎಚ್‌ಡಿ, ಅದು 4ಕೆ, ಆ ಮೂಲೆಯಲ್ಲಿರುವುದು 8ಕೆ.' ಸಂಖ್ಯೆ ದೊಡ್ಡದಾದಷ್ಟೂ ಚಿತ್ರ ಸ್ಪಷ್ಟವೆಂದು ನಂಬಿ ನಾವು ಹಣ ಎಣಿಸುತ್ತೇವೆ. ಆದರೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮನೆಯಲ್ಲಿಯೇ ಮಾಡಬೇಕಾದ ಕೆಲಸವೊಂದಿದೆ. ಅಳತೆಯ ಟೇಪು ಹಿಡಿದು, ನಾವು ಕೂರುವ ಕುರ್ಚಿಯಿಂದ ಟಿ.ವಿ. ಇರುವ ಗೋಡೆಗೆ ಎಷ್ಟು ಅಡಿಯೆಂದು ನೋಡುವುದು. ಈ ಕೆಲಸವನ್ನು ನಾನು ಮಾಡಲಿಲ್ಲ. ಮಾಡದೆ ಹೋದದ್ದರ ಫಲವನ್ನು ಅನುಭವಿಸಿದ್ದು ನಾನಲ್ಲ, ಎಂಬತ್ತೆಂಟು ವರ್ಷದ ನನ್ನ ತಾಯಿ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಕಣ್ಣಿನ ವಿಚಾರ.

ಹುಣ್ಣಿಮೆಯ ಚಂದ್ರನನ್ನು ನೆನೆದುಕೊಳ್ಳಿ. ಆಕಾಶದಲ್ಲಿ ಆ ಬಿಂಬದ ಅಗಲ ಸುಮಾರು ಅರ್ಧ ಅಂಶ. ಒಂದು ಅಂಶವನ್ನು ಅರವತ್ತು ಪಾಲು ಮಾಡಿದರೆ ಬರುವ ಒಂದು ಪಾಲನ್ನು ನಮ್ಮ ಜ್ಯೋತಿರ್ಗಣಿತದವರು 'ಕಲೆ' ಎಂದು ಕರೆದರು. ಹಾಗೆಂದರೆ ಚಂದ್ರಬಿಂಬದ ಅಗಲ ಸುಮಾರು 30 ಕಲೆ. ಆರೋಗ್ಯವಾದ ಕಣ್ಣು ಬಿಡಿಸಿ ನೋಡಬಲ್ಲ ವಿವರವಾದರೋ ಒಂದು ಕಲೆ. ಚಂದ್ರನ ಅಗಲದ ಮೂವತ್ತರಲ್ಲೊಂದು ಪಾಲು. ಕಣ್ಣಿನ ವೈದ್ಯರ ಕೋಣೆಯಲ್ಲಿ ತೂಗುಹಾಕಿರುವ ಅಕ್ಷರಗಳ ಪಟವನ್ನು 1862ರಲ್ಲಿ ರೂಪಿಸಿದ ಡಚ್ ವೈದ್ಯ ಹರ್ಮನ್ ಸ್ನೆಲೆನ್ ಹಿಡಿದದ್ದೂ ಇದೇ ಅಳತೆಯನ್ನು. 6/6 ಎಂಬ ಸಾಲಿನ ಅಕ್ಷರವನ್ನು ಆರು ಮೀಟರ್ ದೂರದಿಂದ ನೋಡಿದರೆ ಅದರ ಎತ್ತರ ಐದು ಕಲೆ, ಗೀಟಿನ ದಪ್ಪ ಒಂದು ಕಲೆ.

ಇದು ಯಾರೋ ಕುಳಿತು ಮಾಡಿದ ಕಟ್ಟಳೆಯಲ್ಲ. ಅಕ್ಷಿಪಟಲದ ನಡುವೆ ಶಂಕುವಿನಾಕಾರದ ಸೂಕ್ಷ್ಮ ಕೋಶಗಳು ಒತ್ತೊತ್ತಾಗಿ ನೆಲೆಸಿವೆ. ಎರಡು ಚುಕ್ಕೆಗಳು ಎರಡಾಗಿಯೇ ಕಾಣಬೇಕಾದರೆ, ಅವುಗಳ ಬೆಳಕು ಬಿದ್ದ ಎರಡು ಕೋಶಗಳ ನಡುವೆ ಬೆಳಕು ಬೀಳದ ಒಂದು ಕೋಶವಾದರೂ ಉಳಿಯಬೇಕು. ಉಳಿಯದಿದ್ದರೆ ಎರಡೂ ಕೂಡಿ ಒಂದೇ ಚುಕ್ಕೆಯಾಗುತ್ತದೆ. ಈ ಲೆಕ್ಕದಂತೆ, ಒಂದು ಮಿಲಿಮೀಟರ್ ಅಂತರದಲ್ಲಿರುವ ಎರಡು ಚುಕ್ಕೆಗಳು ಸುಮಾರು ಹನ್ನೊಂದು ಅಡಿಯವರೆಗೆ ಬೇರೆಬೇರೆಯಾಗಿ ಕಾಣುತ್ತವೆ; ಅದಕ್ಕೂ ಆಚೆ ಹೋದರೆ ಬೆರೆತುಹೋಗುತ್ತವೆ.

ಈಗ ಟಿ.ವಿ.ಗೆ ಬರೋಣ. 1975–76ರಲ್ಲಿ ಉಪಗ್ರಹದ ಮೂಲಕ ಬೋಧನೆ ನಡೆಸುವ 'ಸೈಟ್' ಪ್ರಯೋಗ ನಡೆದಾಗ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಊರಿಗೆ ಊರೇ ಒಂದು ಪೆಟ್ಟಿಗೆಯ ಮುಂದೆ ಕೂಡುತ್ತಿತ್ತು. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಬಂದಿತು. 1982ರಲ್ಲಿ ದೇಶದ ಪರದೆಗೆ ಬಣ್ಣ ಬಂದಿತು. ಆ ಚಿತ್ರವನ್ನು ಹೆಣೆಯುತ್ತಿದ್ದದ್ದು 625 ಅಡ್ಡಗೆರೆಗಳು. ಅವುಗಳಲ್ಲಿ ಕಣ್ಣಿಗೆ ಬೀಳುತ್ತಿದ್ದವು 576. ಆ ಒಂದೊಂದು ಗೆರೆಯೂ ಒಂದು ಕಲೆಗೆ ಇಳಿದು ಪಕ್ಕದ ಗೆರೆಯಲ್ಲಿ ಬೆರೆಯಬೇಕಾದರೆ ಪರದೆಯ ಎತ್ತರದ ಆರರಷ್ಟು ದೂರದಲ್ಲಿ ಕೂರಬೇಕು. ಅಂದಿನ ಇಪ್ಪತ್ತು ಅಂಗುಲದ ಪೆಟ್ಟಿಗೆಯ ಎತ್ತರ ಒಂದು ಅಡಿ, ಆದ್ದರಿಂದ ಆರಡಿ. 'ದೂರ ಕೂತು ನೋಡ್ರೋ' ಎಂದು ಹಿರಿಯರು ಗದರಿಸುತ್ತಿದ್ದರಷ್ಟೆ. ಆ ಮಾತಿಗೆ ಅರ್ಥವಿತ್ತು. ಆದರೆ ಆ ಅರ್ಥ ಅವರು ತಿಳಿದುಕೊಂಡದ್ದಲ್ಲ. ಹತ್ತಿರ ಕೂತರೆ ಕೆಡುತ್ತಿದ್ದದ್ದು ಕಣ್ಣಲ್ಲ, ಚಿತ್ರ. ಕಣ್ಣು ದಣಿಯಬಹುದು, ಹಾಳಾಗುವುದಿಲ್ಲ. ಮಗು ಸದಾ ಪರದೆಗೆ ಅಂಟಿಕೊಂಡೇ ಕೂರುವುದಾದರೆ, ಹಾಗೆ ಕೂತು ಅದರ ದೃಷ್ಟಿ ಕೆಟ್ಟೀತೆಂದು ಹೆದರುವುದಕ್ಕಿಂತ, ದೃಷ್ಟಿ ಮೊದಲೇ ಮಂದವಾಗಿ ಹಾಗೆ ಕೂತಿದೆಯೇ ಎಂದು ಪರೀಕ್ಷೆ ಮಾಡಿಸುವುದು ಜಾಣತನ.

ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1964ರಲ್ಲಿ ಹೊಸ ಬಗೆಯ ಟೆಲಿವಿಷನ್ನಿಗಾಗಿ ಸಂಶೋಧನೆ ಆರಂಭಿಸಿತು. ಇಂದಿನ ಎಚ್‌ಡಿ ಬೆಳೆದು ಬಂದದ್ದು ಆ ಬೇರಿನಿಂದ. ಕೂತ ಜಾಗದಿಂದಲೇ ಚಿತ್ರವನ್ನು ಇನ್ನಷ್ಟು ಚೊಕ್ಕಟವಾಗಿ ಕಾಣಿಸುವುದಷ್ಟೇ ಅವರ ಉದ್ದೇಶವಾಗಿರಲಿಲ್ಲ. ಚಿತ್ರ ಕಣ್ಣನ್ನು ತುಂಬುವಷ್ಟು ಹತ್ತಿರ ಕೂತರೂ ಗೆರೆಗಳು ಕಾಣಿಸಕೂಡದು, ಅದಕ್ಕೆ ಎಷ್ಟು ಗೆರೆ ಬೇಕು ಎಂಬುದನ್ನು ಅವರು ಹುಡುಕಿದರು. 1080 ಗೆರೆಗಳಾದರೆ ಪರದೆಯ ಎತ್ತರದ ಮೂರರಷ್ಟು ದೂರಕ್ಕೆ ಬರಬಹುದು. 2160 ಗೆರೆಗಳ 4ಕೆ ಆದರೆ ಒಂದೂವರೆಯಷ್ಟಕ್ಕೆ ಬರಬಹುದು. ಆದ್ದರಿಂದ ಹೆಚ್ಚಿನ ಬಿಂದುಗಳೆಂದರೆ ದೂರ ಕೂತವನಿಗೆ ಸಿಗುವ ಸ್ಪಷ್ಟತೆಯಲ್ಲ. ಹತ್ತಿರ ಕೂರುವುದಕ್ಕೆ ಸಿಗುವ ಪರವಾನಗಿ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಮೋಸಹೋಗುವ ಸಂಭವ ಕಡಿಮೆ.

ಪರವಾನಗಿ ಎಲ್ಲಿಯವರೆಗೆ ಎಂಬುದಕ್ಕೆ ಸುಲಭವಾದ ಲೆಕ್ಕವಿದೆ. ಟಿ.ವಿ.ಯ ಅಂಗುಲವೆಂದರೆ ಮೂಲೆಯಿಂದ ಮೂಲೆಗೆ ಇರುವ ಓರೆ ಅಳತೆ. ಫುಲ್ ಎಚ್‌ಡಿ ಪರದೆಯ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20 ಲಕ್ಷ ಬಿಂದುಗಳು. ಅಂಗುಲವನ್ನು ಎಂಟರಿಂದ ಭಾಗಿಸಿದರೆ ಬರುವಷ್ಟು ಅಡಿಗಿಂತ ಆಚೆ, 6/6 ದೃಷ್ಟಿಯವರಿಗೆ ಈ ಬಿಂದುಗಳು ಬೆರೆತುಹೋಗುತ್ತವೆ. 43 ಅಂಗುಲದ ಪರದೆಗೆ ಅದು ಐದೂವರೆ ಅಡಿ, 55 ಅಂಗುಲಕ್ಕೆ ಏಳು ಅಡಿ. 4ಕೆಯಲ್ಲಿ ಬಿಂದುಗಳು ನಾಲ್ಕು ಪಟ್ಟು, ಅಂದರೆ ಸುಮಾರು 83 ಲಕ್ಷ. ದೂರ ಮಾತ್ರ ಅರ್ಧವಾಗುತ್ತದೆ. ಆಗ ಹದಿನಾರರಿಂದ ಭಾಗಿಸಬೇಕು. 8ಕೆಯಲ್ಲಿ ಮತ್ತೂ ಅರ್ಧ: 55 ಅಂಗುಲದ ಪರದೆಗೆ ಎರಡಡಿಗಿಂತ ಈಚೆ ಬಂದರೆ ಮಾತ್ರ ಆ ಮೂರು ಕೋಟಿ ಮೂವತ್ತು ಲಕ್ಷ ಬಿಂದುಗಳನ್ನು ಕಣ್ಣು ಎಣಿಸೀತು. ಅಷ್ಟು ಹತ್ತಿರದಲ್ಲಿ ಕೂತು ಯಾರೂ ಧಾರಾವಾಹಿ ನೋಡುವುದಿಲ್ಲ.

ಆದರೆ ಎಲ್ಲರ ಕಣ್ಣೂ ಒಂದೇ ಅಲ್ಲ. ಎಳೆಯ ಕಣ್ಣುಗಳಲ್ಲಿ ಅನೇಕವು 6/6ಕ್ಕಿಂತ ಚುರುಕಾಗಿರುತ್ತವೆ. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದವರೂ ಮೆಟಾ ಸಂಸ್ಥೆಯವರೂ ಕೂಡಿ ನಡೆಸಿ 2025ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ಅಂಶಕ್ಕೆ 60 ಬಿಂದು ಎಂಬ ಹಳೆಯ ಮಿತಿಗೆ ಬದಲಾಗಿ, ಕಪ್ಪುಬಿಳುಪಿನ ವಿವರಗಳಲ್ಲಿ ಸರಾಸರಿ 94 ಬಿಂದುಗಳವರೆಗೆ ಕಣ್ಣು ಗುರುತಿಸಿತು. ಆದುದರಿಂದ ಮನೆಯಲ್ಲಿ ಹರೆಯದವರಿದ್ದರೆ ಫುಲ್ ಎಚ್‌ಡಿಗೆ ಎಂಟರ ಬದಲು ಐದರಿಂದಲೂ, 4ಕೆಗೆ ಹದಿನಾರರ ಬದಲು ಹತ್ತರಿಂದಲೂ ಭಾಗಿಸುವುದು ಉಚಿತ.

ಇನ್ನು ಅಂಗುಲ ಎಷ್ಟಿರಬೇಕು? ವಾರ್ತೆ, ಧಾರಾವಾಹಿ ನೋಡುವ ಮನೆಗೆ, ಕುರ್ಚಿಯಿಂದ ಗೋಡೆಗೆ ಇರುವ ಅಡಿಗಳನ್ನು ಐದರಿಂದ ಗುಣಿಸಿದರೆ ಸಾಕು. ಒಂಬತ್ತು ಅಡಿಗೆ ನಲವತ್ತೈದು. ಅಂಗಡಿಯಲ್ಲಿ ಸಿಗುವುದು 43. ಸಿನಿಮಾ ಮಂದಿರದ ಅನುಭವ ಬೇಕೆನ್ನುವವರು ಏಳರಿಂದ ಗುಣಿಸಲಿ. ಐದರಿಂದ ಗುಣಿಸಿ ಕೊಂಡವರಿಗೆ, ಕಣ್ಣು ಎಷ್ಟೇ ಚುರುಕಾಗಿರಲಿ, ಬಹುಮಟ್ಟಿಗೆ ಫುಲ್ ಎಚ್‌ಡಿಯೇ ಸಾಕು. ಏಳರಿಂದ ಗುಣಿಸಿದವರ ಮನೆಯ ಎಳೆಯರಿಗೆ 4ಕೆಯ ಲಾಭ ನಿಜವಾಗಿಯೂ ಉಂಟು. ದೊಡ್ಡ ಪರದೆಗಳು ಇಂದು ಹೆಚ್ಚಾಗಿ 4ಕೆಯಾಗಿಯೇ ಬರುತ್ತವೆ, ಬಂದರೆ ಬರಲಿ. ಆದರೆ ಆ ಹೆಸರಿಗಾಗಿ ಹೆಚ್ಚಿನ ಹಣ ತೆರುವ ಮೊದಲು ಟೇಪನ್ನು ಕೇಳಿ.

ಹಾಗಾದರೆ ಅಂಗಡಿಯಲ್ಲಿ 4ಕೆ ಅಷ್ಟು ಬೆರಗು ಹುಟ್ಟಿಸಿದ್ದೇಕೆ? ಅಂಗಡಿಯವರು ಸುಳ್ಳು ಹೇಳಲಿಲ್ಲ. ಅಲ್ಲಿ ನಾವು ಮೂರಡಿ ದೂರದಲ್ಲಿ ನಿಂತಿದ್ದೆವು. ಆ ದೂರದಲ್ಲಿ ವ್ಯತ್ಯಾಸ ಇರುವುದೇ ಸರಿ. ಮನೆಗೆ ಬಂದು ಒಂಬತ್ತು ಅಡಿ ದೂರದಲ್ಲಿ ಕೂತೆವು. ವ್ಯತ್ಯಾಸ ಅಂಗಡಿಯಲ್ಲಿಯೇ ಉಳಿಯಿತು. ಅಲ್ಲದೆ ಅಂಗಡಿಯಲ್ಲಿ ಓಡುವುದು 4ಕೆಗೆಂದೇ ತೆಗೆದ ಚಿತ್ರ. ನಮ್ಮ ಮನೆಗಳಿಗೆ ಬರುವ ವಾಹಿನಿಗಳಲ್ಲಿ ಎಷ್ಟೋ ಇಂದಿಗೂ ಆ 576 ಗೆರೆಗಳಲ್ಲಿಯೇ ಬರುತ್ತವೆ. ಉಳಿದ ಬಿಂದುಗಳನ್ನು ಟಿ.ವಿ. ತಾನೇ ಊಹಿಸಿ ತುಂಬಿಸಿಕೊಳ್ಳುತ್ತದೆ. ಕೊಳಗ ದೊಡ್ಡದಾದ ಮಾತ್ರಕ್ಕೆ ಹಾಲು ಹೆಚ್ಚಾಗುವುದಿಲ್ಲ. ಕಪ್ಪು ನಿಜವಾಗಿ ಕಪ್ಪಾಗಿದೆಯೇ, ಮುಖದ ಬಣ್ಣ ಮುಖದ ಬಣ್ಣವಾಗಿಯೇ ಇದೆಯೇ, ಪಕ್ಕದಿಂದ ನೋಡಿದರೆ ಚಿತ್ರ ಮಂಕಾಗುವುದೇ ಎಂಬುದನ್ನು ಗಮನಿಸುವುದು ಲೇಸು. ಅವು ಎಷ್ಟು ದೂರದಿಂದ ನೋಡಿದರೂ ಕಾಣುವ ಗುಣದೋಷಗಳು.

ಈಗ ನನ್ನ ತಾಯಿಯ ವಿಷಯ. ನಮ್ಮಲ್ಲಿದ್ದ ಹಳೆಯ ಚಿಕ್ಕ ಟಿ.ವಿ.ಯ ಮುಂದೆ ಆಕೆ ಮೂರಡಿ ದೂರದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ನೋಡಿದವರೆಲ್ಲ 'ಕಣ್ಣು ಹಾಳಾಗುತ್ತೆ ಅಜ್ಜಿ' ಎನ್ನುತ್ತಿದ್ದರು. 55 ಅಂಗುಲದ 4ಕೆ ತಂದ ದಿನ, ಪರದೆ ದೊಡ್ಡದಾಯಿತಲ್ಲ, ಇನ್ನು ಹತ್ತಿರ ಕೂರಬೇಕಾಗಿಲ್ಲವೆಂದು ಆಕೆಗೆ ಒಳ್ಳೆಯ ಮೆತ್ತೆಯ ಕುರ್ಚಿಯೊಂದನ್ನು ಹಿಂದಿನ ಗೋಡೆಯ ಬಳಿ ಹಾಕಿದೆವು. ಅಲ್ಲಿಂದ ಪರದೆಗೆ ಹನ್ನೆರಡು ಅಡಿ. 'ಹೇಗಿದೆಯಮ್ಮ?' ಎಂದು ಕೇಳಿದೆ. 'ಬಹಳ ಚೆನ್ನಾಗಿದೆ ಕಣಪ್ಪಾ' ಎಂದಳು. ಎರಡು ತಿಂಗಳು ಹಾಗೆಯೇ ಕಳೆಯಿತು. ಒಂದು ಸಂಜೆ ಧಾರಾವಾಹಿಯಲ್ಲಿ, ಬಹುಕಾಲದ ಹಿಂದೆ ಮನೆ ಬಿಟ್ಟುಹೋದ ಮಗ ಹಿಂತಿರುಗಿ ಬಂದು ಬಾಗಿಲಲ್ಲಿ ನಿಂತ. ಯಾರೂ ಮಾತನಾಡಲಿಲ್ಲ, ಪರದೆಯ ತುಂಬ ಅವನ ಮುಖ. ನಮ್ಮ ಮನೆಯಲ್ಲಿಯೂ ಸದ್ದಿಲ್ಲ. ಹಿಂದಿನಿಂದ ಅಮ್ಮ ಮೆಲ್ಲಗೆ ಕೇಳಿದಳು: 'ಬಂದವರು ಯಾರೋ?'

ಎರಡು ತಿಂಗಳಿಂದ ಆಕೆ ಟಿ.ವಿ.ಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಹೇಳಲಿಲ್ಲವೇಕೆಂದು ಕೇಳಿದ್ದಕ್ಕೆ ಬಂದ ಉತ್ತರ: 'ಅಷ್ಟು ದುಡ್ಡು ಕೊಟ್ಟು ತಂದಿದ್ದೀಯ. ಕಾಣಿಸೋಲ್ಲ ಅಂತ ಹೇಗೆ ಹೇಳಲಿ?'

ವೈದ್ಯರು ಪರೀಕ್ಷಿಸಿ, ವಯಸ್ಸಿನಿಂದ ಅಕ್ಷಿಪಟಲದ ನಡುಭಾಗ ಸವೆದಿದೆ, ಎರಡು ಕಣ್ಣಿನದೂ 6/60 ಎಂದರು. ಆರೋಗ್ಯವಾದ ಕಣ್ಣು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ಓದಲು ಆಕೆ ಆರು ಮೀಟರಿಗೆ ಬರಬೇಕು. ಆಕೆಯ ಕಣ್ಣಿಗೆ ಅತಿ ಚಿಕ್ಕ ವಿವರವೆಂದರೆ ಹತ್ತು ಕಲೆ. ಆ ಪರದೆ ಬರಿಯ ಫುಲ್ ಎಚ್‌ಡಿಯೇ ಆಗಿದ್ದರೂ ಅದರ ಬಿಂದುಗಳನ್ನು ಕಾಣಲು ಆಕೆ ಒಂದು ಗೇಣಿನೊಳಕ್ಕೆ ಮುಖ ತರಬೇಕಾಗಿತ್ತು. ನಾನು ಹಣ ಕೊಟ್ಟು ತಂದ 83 ಲಕ್ಷ ಬಿಂದುಗಳಿಂದ ಆಕೆಗೆ ಕಿಂಚಿತ್ತೂ ಪ್ರಯೋಜನವಿರಲಿಲ್ಲ. ಆಕೆಗೆ ಬೇಕಾಗಿದ್ದದ್ದು ದೊಡ್ಡ ಪರದೆ ಮತ್ತು ಹತ್ತಿರದ ಕುರ್ಚಿ. ಒಂದಂಗುಲ ಎತ್ತರದ ಅಕ್ಷರವನ್ನು ಓದಬೇಕಾದರೂ ಆಕೆ ಐದೂವರೆ ಅಡಿಯೊಳಗೆ ಇರಬೇಕು; ನಮ್ಮ ಒತ್ತಕ್ಷರಗಳಿಗೆ ಇನ್ನೂ ಹತ್ತಿರ. ನಾವು ಹನ್ನೆರಡು ಅಡಿ ದೂರದಲ್ಲಿ, ಆಕೆಯ ಕಣ್ಣನ್ನು ಕಾಪಾಡುತ್ತೇವೆಂದು ಭಾವಿಸಿ, ಕೂರಿಸಿದ್ದೆವು. ಮಣೆಯ ಮೇಲೆ ಮೂರಡಿಯಲ್ಲಿ ಕೂರುತ್ತಿದ್ದ ಮುದುಕಿಗೆ ಈ ಶಾಸ್ತ್ರ ನಮಗಿಂತ ಚೆನ್ನಾಗಿ ತಿಳಿದಿತ್ತು.

ಈಗ ಆ ಕುರ್ಚಿ ಪರದೆಯಿಂದ ನಾಲ್ಕು ಅಡಿಯಲ್ಲಿದೆ. ನಮ್ಮ ಸೋಫಾ ಸ್ವಲ್ಪ ಪಕ್ಕಕ್ಕೆ ಸರಿದಿದೆ. ಬಂದವರು ಯಾರೆಂದು ಅಮ್ಮ ಈಗ ನಮಗೆ ಹೇಳುತ್ತಾಳೆ.

ಟಿ.ವಿ. ಕೊಳ್ಳುವವರಿಗೆ ನನ್ನ ಅರಿಕೆ ಇಷ್ಟು. ಮೊದಲು, ನೋಡುವವರ ಕಣ್ಣು ಹೇಗಿದೆಯೆಂದು ತಿಳಿಯಿರಿ; ಮುಖ್ಯವಾಗಿ ಹೇಳದೆ ಸುಮ್ಮನಿರುವವರ ಕಣ್ಣು. ಅನಂತರ ಅವರು ಕೂರುವ ಜಾಗವನ್ನು ಗೊತ್ತುಮಾಡಿ, ಗೋಡೆಗೆ ಟೇಪು ಹಿಡಿಯಿರಿ. ಆ ಅಡಿಗಳಿಂದ ಅಂಗುಲವನ್ನು ನಿರ್ಧರಿಸಿ. ಬಿಂದುಗಳ ಲೆಕ್ಕ ಎಲ್ಲಕ್ಕೂ ಕೊನೆಯದು. ಅಂಗಡಿಯಲ್ಲಿ ಅದನ್ನು ಮೊದಲು ಹೇಳುತ್ತಾರೆ, ಹೇಳಲಿ. ನಾವು ಅದನ್ನು ಕೊನೆಯಲ್ಲಿ ಕೇಳೋಣ.

(ಬಾನುಲಿ ಭಾಷಣ)